ಹಳ್ಳದ ಎರಡು ದಂಡೆ, ಎರಡು ಸೆಟ್ಟು

ಹಳ್ಳ ಬಂದದ್ದು ಮಧ್ಯಾಹ್ನ, ನಾವು ಊಟಕ್ಕೆ ಕೂತಿದ್ದಾಗ. ಮಸ್ಕಿಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಮೇಲೆ ಲಿಂಗಸುಗೂರಿನ ಕಡೆ ರಾತ್ರಿಯೆಲ್ಲ ಸುರಿದದ್ದು ನಮಗೆ ಗೊತ್ತೇ ಇರಲಿಲ್ಲ. ಕೆಂಪು ನೀರು ಬಂದು, ಜನ ದಾಟಲೆಂದು ಹಾಕಿದ್ದ ಮರದ ದಿಮ್ಮಿಗಳ ಕಾಲುಸೇತುವೆಯನ್ನು ಎತ್ತಿಕೊಂಡು ಹೋಯಿತು. ಕೈಯಲ್ಲಿ ರೊಟ್ಟಿ ಹಿಡಿದು ದಂಡೆಯ ಮೇಲೆ ನಿಂತು ನೋಡಿದೆವು, ಅಷ್ಟೇ. ಕಾಲುವೆಯನ್ನು ಹಳ್ಳ ದಾಟಿಸಲು ಕಟ್ಟುತ್ತಿದ್ದ ಕಲ್ಲಿನ ಸೇತುವೆಯ ಕಂಬಗಳು ಇನ್ನೂ ಮೊಳಕಾಲೆತ್ತರ ಎದ್ದಿದ್ದವು. ಅವೂ ಮುಳುಗಿದವು. ಕಲ್ಲು ಕಟ್ಟುವವರ ಗುಂಪು ಪೂರಾ ಆಚೆ ದಂಡೆಯಲ್ಲಿ ಉಳಿಯಿತು. ಸಾಮಾನು, ಒಂದಿಷ್ಟು ಕಾಳು ಇಟ್ಟಿದ್ದ ಕಲ್ಲುಗೋಡೆಯ ಉಗ್ರಾಣವೊಂದೇ ಅವರಿಗೆ ಆಸರೆ. ಅವರ ಹಿಂದೆಯೂ ಇನ್ನೊಂದು ಸಣ್ಣ ಹಳ್ಳ ತುಂಬಿ ಹರಿಯುತ್ತಿತ್ತು. ಹೆಂಡಿರು ಮಕ್ಕಳು, ಅಡುಗೆ ಮನೆ, ಆಫೀಸು ಎಲ್ಲ ಈಚೆ ದಂಡೆಯಲ್ಲಿ.

ಎರಡು ದಂಡೆಗೂ ಇದ್ದ ಸಂಬಂಧವೆಂದರೆ ನನ್ನ ಎರಡು ವೈರ್‌ಲೆಸ್ ಸೆಟ್ಟು. ಯುದ್ಧದಲ್ಲಿ ಸಿಪಾಯಿಗಳು ಕೈಯಲ್ಲಿ ಹಿಡಿದು ಓಡಾಡಿದ ಸೆಟ್ಟುಗಳವು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದು, ಕೈ ಬದಲಾಯಿಸಿ, ಕಾಲುವೆ ಕೆಲಸಕ್ಕೆ ಸೇರಿದ್ದವು. ನಾನೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬಂದವನು. ಫೌಜಿನಲ್ಲಿ ವೈರ್‌ಲೆಸ್ ಕಲಿತು, ಬಿಡುಗಡೆಯಾಗಿ, ಊರು ಮುದಗಲ್ಲಿಗೆ ಬಂದು ಖಾಲಿ ಕೂತಿದ್ದೆ. ಕಾಲುವೆಯ ಇಂಜಿನಿಯರ್ ಸಾಹೇಬರು ಕರೆಸಿಕೊಂಡರು. ಬಂಡೆಗೆ ಮದ್ದು ಹಾರಿಸುವ ಮೊದಲು ಆಚೆ ದಂಡೆಯವರಿಗೆ ಖಬರು ಕೊಡುವುದು, ಅಳತೆಯ ಅಂಕಿ ತರಿಸುವುದು ನನ್ನ ಕೆಲಸ. ಆಚೆ ಕಡೆ ಒಬ್ಬ ಸರ್ವೇಯರನಿಗೆ ಕಲಿಸಿಕೊಟ್ಟಿದ್ದೆ. ಆತ ನಿಧಾನದ ಮನುಷ್ಯ, ಹೇಳಿದ್ದನ್ನು ಹೇಳಿದಂತೆ ಮಾಡುವವನು.

ಸೆಟ್ಟಿನ ರೀತಿ ಸರಳ. ಮೇಲಿನ ಏರಿಯಲ್ ಕಡ್ಡಿಯನ್ನು ಹೊರಗೆಳೆದರೆ ಚಾಲೂ, ಒಳಗೆ ತಳ್ಳಿದರೆ ಬಂದ್. ಪಕ್ಕದ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಇಬ್ಬರೂ ಒತ್ತಿ ಹಿಡಿದರೆ ಇಬ್ಬರೂ ಗೋಡೆಗೆ ಮಾತಾಡಿದ ಹಾಗೆ. ಮಾತು ಕೇಳುವುದು ಕಿವಿಗೆ ಹಚ್ಚಿಕೊಂಡವರಿಗೆ ಮಾತ್ರ, ಪಕ್ಕದಲ್ಲಿ ನಿಂತವರಿಗೆ ಏನೂ ಕೇಳದು. ಮದ್ದಿನ ಪೆಟ್ಟಿಗೆಯ ಹತ್ತಿರ ಸೆಟ್ಟು ಚಾಲೂ ಮಾಡಬಾರದು, ಏರಿಯಲ್ಲನ್ನು ಕಬ್ಬಿಣಕ್ಕೆ ತಾಗಿಸಬಾರದು, ಮಾತು ಮುಗಿದ ಕೂಡಲೇ ಏರಿಯಲ್ ಒಳಗೆ. ಈ ಕೊನೆಯದನ್ನು ನಾನು ದೇವರ ನಾಮದ ಹಾಗೆ ಜಪ ಮಾಡಿಸಿದ್ದೆ. ಬ್ಯಾಟರಿ ಸಿಗುತ್ತಿದ್ದದ್ದು ಹೈದರಾಬಾದಿನಿಂದ, ಅದೂ ಬಂದರೆ ಬಂತು.

ಹಳ್ಳ ಇಳಿಯಲಿಲ್ಲ. ಮರುದಿನ ಬೆಳಗ್ಗೆ ಆಫೀಸು ಡೇರೆಯ ಮುಂದೆ ಹೆಂಗಸರು ಬಂದು ಕೂತರು. ಗಲಾಟೆಯಿಲ್ಲ, ಅಳುವಿಲ್ಲ, ಸುಮ್ಮನೆ ಕೂತರು. ಸಾಹೇಬರಿಗೆ ಅದನ್ನು ತಡೆಯಲಾಗಲಿಲ್ಲ.

"ಸಂಜೀಕ ಒಂದೀಟು ಹೊತ್ತು ಇವರಿಗೆ ಮಾತಾಡಾಕ ಕೊಡ್ರಿ" ಅಂದರು.

"ಸಾಹೇಬ್ರ, ಇದು ಸರ್ಕಾರಿ ಕೆಲಸದ ಸೆಟ್ಟು. ಬ್ಯಾಟರಿ ಬ್ಯಾರೆ..."

"ಹುಕುಂ ನಂದು. ಜವಾಬುದಾರಿನೂ ನಂದು."

ನನ್ನದು ಮೊದಲೇ ಸಿಡುಕು ಸ್ವಭಾವ. ಗೊಣಗಿಕೊಂಡೇ ಪಾಠ ಶುರು ಮಾಡಿದೆ. ಮಾತು ಮುಗಿದದ್ದು ಎದುರಿನವರಿಗೆ ತಿಳಿಯಲು ಕೊನೆಗೆ 'ಮುಗೀತು' ಅನ್ನಬೇಕು ಎಂದೆ. ಒಬ್ಬ ಮುದುಕಿ ಎದ್ದು ನಿಂತಳು.

"ಥೂ, ಬಿಡ್ತು ಅನ್ನಪ. ಗಂಡಸ್ರು ನೀರಿನಾಚೆ ಕುಂತಾರ, ಮುಗೀತು ಅಂತ ಬಾಯಿಬಿಟ್ಟು ಹೇಳಬೇಕೇನು ಈ ಹುಡುಗ್ಯಾರು?"

ಕೊನೆಗೆ 'ಹೇಳ್ರಿ' ಅನ್ನುವುದೆಂದು ಒಪ್ಪಂದವಾಯಿತು. ಇನ್ನು ಯಾರನ್ನು ಕರೆಯಬೇಕೋ ಅವರ ಹೆಸರು ಹೇಳಿ ಎಂದರೆ ಗಂಡನ ಹೆಸರು ಹೇಳುವವರು ಯಾರು? ಒಬ್ಬಾಕೆ ಬೆರಳಿನಿಂದ ತನ್ನ ಮಗನನ್ನು ತೋರಿಸಿ "ಇವನ ಅಪ್ಪನ್ನ ಕರೀರಿ" ಎಂದಳು. ಸೆಟ್ಟಿಗೆ ಕಣ್ಣಿಲ್ಲ ತಾಯಿ ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ಸಂಜೆ ಹೀಗೇ ನಡೆಯಿತು. ಕೆಲವರು ಕೂಗಿದರು, ಕೆಲವರು ಗುಂಡಿ ಒತ್ತುವುದನ್ನೇ ಮರೆತು ಸೆರಗಿನಲ್ಲಿ ಕಣ್ಣೊರೆಸಿಕೊಂಡು ವಾಪಸು ಕೊಟ್ಟರು. ಉಂಡಿರೇನು, ಉಂಡೀನಿ, ಕೂಸು ಹೆಂಗದ, ಚಲೋ ಅದ. ಹೆಚ್ಚಿನ ಮಾತೆಲ್ಲ ಇಷ್ಟೇ ಆದ್ದರಿಂದ ನಡುವೆ ಎಲ್ಲಾದರೂ ಒಂದು ಶಬ್ದ ತಪ್ಪಿದರೂ ಯಾರಿಗೂ ನಷ್ಟವಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

ಮೂರನೆಯ ಸಂಜೆ ಸರ್ವೇಯರ ಹೇಳಿದ: "ಮೇಸ್ತ್ರಿಗೆ ಜ್ವರ ಬಂದಾವ ರೀ. ಚಳಿಜ್ವರ. ಕ್ವಿನೈನ್ ಕೊಡಾಕತ್ತೀನಿ."

ಈ ಮೇಸ್ತ್ರಿ ನಮ್ಮ ಮುದಗಲ್ಲಿನವರೇ, ಕಲ್ಲು ಕೆಲಸದ ಹಿರಿಯರು. ಉಳಿ ಹಿಡಿದರೆ ಬಂಡೆ ಹೇಳಿದ ಕಡೆ ಸೀಳುತ್ತಿತ್ತು. ಅವರ ಒಬ್ಬಳೇ ಮಗಳು ಈಚೆ ದಂಡೆಯಲ್ಲಿ ನಮ್ಮ ಆಫೀಸಿನವರಿಗೆ ರೊಟ್ಟಿ ಬಡಿಯುತ್ತಿದ್ದಳು. ಆದರೆ ಅಪ್ಪ ಮಗಳ ನಡುವೆ ಮಾತಿರಲಿಲ್ಲ. ಮೇಸ್ತ್ರಿ ತಮ್ಮ ಅಕ್ಕನ ಮಗನಿಗೆ ಇವಳನ್ನು ಕೊಡುವುದಾಗಿ ಮಾತು ಕೊಟ್ಟಿದ್ದರು. ಇವಳು ಒಲ್ಲೆನೆಂದು ರೋಡ್ ರೋಲರ್ ಡ್ರೈವರನನ್ನು ಮದುವೆಯಾದಳು. ಅಕ್ಕನ ಮುಂದೆ ತಲೆ ತಗ್ಗಿಸಿದ ಮೇಸ್ತ್ರಿ, ನನಗ ಮಗಳಿಲ್ಲ ಅಂದುಬಿಟ್ಟರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆಯಲಿಲ್ಲ. ಡೇರೆಯಲ್ಲೇ ಹೆತ್ತಳು. ಗಂಡುಮಗು. ತಿಂಗಳುಗಳು ಕಳೆದರೂ ಆ ಮಗುವಿಗೆ ಹೆಸರಿಟ್ಟಿರಲಿಲ್ಲ. ಕೇಳಿದರೆ, "ನಮ್ಮಪ್ಪ ಬಂದು ಇಡ್ತಾನ್ರಿ ಅಣ್ಣಾರ" ಅನ್ನುತ್ತಿದ್ದಳು. ಮೇಸ್ತ್ರಿ ಅಡುಗೆ ಡೇರೆಯ ಮುಂದೆ ದಿನವೂ ಹಾದುಹೋಗುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ಗಂಡ ಒಳ್ಳೆಯವನು, ಆಗ ರೋಲರಿನ ಜೊತೆ ಸಿಂಧನೂರಿನ ಕಡೆ ಇದ್ದ. ಕ್ಯಾಂಪಿನಲ್ಲಿ ಎಲ್ಲರೂ ಮಗುವನ್ನು ಕೂಸು ಎಂದೇ ಕರೆಯುತ್ತಿದ್ದೆವು.

ಅಪ್ಪನಿಗೆ ಜ್ವರ ಎಂದು ಕೇಳಿ ಅವಳು ಒಲೆಯ ಮೇಲಿನ ರೊಟ್ಟಿ ಬಿಟ್ಟು ಬಂದಳು. ಕಂಕುಳಲ್ಲಿ ಕೂಸು, ಕೈಯೆಲ್ಲ ಹಿಟ್ಟು.

"ಅಣ್ಣಾರ, ನಮ್ಮಪ್ಪ ಮಾತಾಡ್ತಾನೇನು ಕೇಳ್ರಿ."

"ಮಾತಾಡಂಗಿಲ್ಲ ಅಂದ್ರ?"

"ಅಂದ್ರ ಅಂದ. ಕೇಳೂದ್ರಾಗ ಏನು ಹೋಗ್ತದ್ರಿ."

ಕೇಳಿದೆ. ಸರ್ವೇಯರ ಮೇಸ್ತ್ರಿಯನ್ನು ಕೇಳಲು ಹೋದ. ಆಮೇಲೆ, "ನಾಳೆ ಸಂಜೀಕ ಮಾತಾಡ್ತಾರಂತ ರೀ. ಇವತ್ತು ವಿಚಾರ ಮಾಡ್ತಾರಂತ" ಎಂದ. ಅವಳು ಒಲೆಯ ಕಡೆ ಹೋದಳು. ಆ ರಾತ್ರಿಯ ಪಲ್ಯಕ್ಕೆ ಉಪ್ಪೇ ಇರಲಿಲ್ಲ, ನಾವೆಲ್ಲ ಹಾಗೇ ಉಂಡೆವು.

ಮರುದಿನ ಸಂಜೆ ಅವಳು ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೂಸಿಗೆ ಎಣ್ಣೆ ನೀರು ಹಾಕಿ, ಅದರ ಕಣ್ಣಿಗೆ ಕಾಡಿಗೆ ಹಚ್ಚಿ, ಎತ್ತಿಕೊಂಡು ಬಂದಳು. ಆಚೆ ದಂಡೆಯಲ್ಲಿಯೂ ಮೇಸ್ತ್ರಿ ರುಮಾಲು ಸುತ್ತಿಸಿಕೊಂಡು ಎದ್ದು ಕೂತರಂತೆ, ಸರ್ವೇಯರ ಆಮೇಲೆ ಹೇಳಿದ. ಒಬ್ಬರಿಗೊಬ್ಬರು ಕಾಣದಿರುವಲ್ಲಿ ಇಬ್ಬರೂ ಅಲಂಕಾರ ಮಾಡಿಕೊಂಡರು.

ನಾನು ಗುಂಡಿ ತೋರಿಸಿದೆ, ಒತ್ತಿಸಿ ಬಿಡಿಸಿದೆ. "ಒತ್ತಿದ್ರ ನೀ ಹೇಳೂದು. ಬಿಟ್ರ ಅಪ್ಪ ಹೇಳೂದು. ತಿಳೀತಾ ತಂಗಿ?" ತಿಳಿಯಿತು ಎಂದು ತಲೆಯಾಡಿಸಿದಳು. ಅಷ್ಟು ಹೇಳಿ ನಾನು ಡೇರೆಯಿಂದ ಹೊರಗೆ ಬಂದೆ. ಬೇರೆಯವರು ಮಾತಾಡುವಾಗ ಮೈಮೇಲೆ ನಿಂತು, ಒತ್ತು, ಬಿಡು ಎಂದು ಕಾಡುತ್ತಿದ್ದವನು ನಾನು. ಇದು ಹಾಗಲ್ಲ. ವರ್ಷಗಟ್ಟಲೆ ಮಾತು ಬಿಟ್ಟ ಅಪ್ಪ ಮಗಳು. ಮೂರನೆಯವನಿಗೆ ಅಲ್ಲೇನು ಕೆಲಸ? ದೂರ ಸರಿದು ನೀರಿನ ಕಡೆ ಮುಖ ಮಾಡಿ ಬೀಡಿ ಹಚ್ಚಿದೆ. ಸರ್ವೇಯರನೂ ಅಲ್ಲಿ ಅದನ್ನೇ ಮಾಡಿದನಂತೆ, ಮೇಸ್ತ್ರಿಯ ಕೈಗೆ ಸೆಟ್ಟು ಕೊಟ್ಟು ಹೊರಗೆ ಬಂದು ನಿಂತನಂತೆ.

ಹಿಂದಿನಿಂದ ಅವಳ ದನಿ ಮಾತ್ರ ಕೇಳುತ್ತಿತ್ತು. ಮೊದಲು "ಯಪ್ಪಾ" ಎಂದಳು. ಆಮೇಲೆ ಸ್ವಲ್ಪ ಹೊತ್ತಿಗೊಮ್ಮೆ, "ಹೂಂ ಯಪ್ಪಾ." ಮತ್ತೆ, "ಹೂಂ." ಮತ್ತೆ, "ಹೂಂ ಯಪ್ಪಾ." ಎಷ್ಟು ಚೆಂದ ಕೇಳುತ್ತಿತ್ತೆಂದರೆ, ಬೀಡಿ ಕೈಯಲ್ಲೇ ಆರಿಹೋಯಿತು. ನಮ್ಮ ಮನೆಗಳಲ್ಲಿ ಹಿರಿಯರು ಮಾತಾಡುವಾಗ ಮಕ್ಕಳು ಕೇಳುವುದೇ ಹೀಗೆ. ಹೂಂ ಅನ್ನದೆ ಕೂತರೆ, ಎಲ್ಲದ ನಿನ್ನ ಲಕ್ಷ್ಯ ಎಂದು ಬೈಸಿಕೊಳ್ಳುತ್ತೇವೆ. ನನ್ನ ಅವ್ವನ ಮುಂದೆ ನಾನೂ ಹೀಗೇ ಕೂತವನು. ಆದ್ದರಿಂದಲೇ ಆ ಕ್ಷಣದಲ್ಲಿ ನನಗೆ ಏನೂ ಹೊಳೆಯಲಿಲ್ಲ.

ಆಮೇಲೆ ಅವಳ ದನಿ ಬದಲಾಯಿತು. "ಯಪ್ಪಾ? ಏನಂದಿ ಯಪ್ಪಾ? ಇನ್ನೊಮ್ಮೆ ಹೇಳು." ತಿರುಗಿ ನೋಡಿದೆ. ಡೇರೆಯ ಬಾಗಿಲಿಗೆ ಬಂದಿದ್ದಳು.

"ಅಣ್ಣಾರ, ನಡುನಡುವ ದನಿ ಹೋಗಾಕತ್ತಿತ್ರಿ. ಈಗ ಏನೂ ಕೇಳವಲ್ದು."

ಸೆಟ್ಟು ತೆಗೆದುಕೊಂಡು ಕಿವಿಗೆ ಹಚ್ಚಿದೆ. ಬರೀ ಗೊರಗೊರ. ಸೆಟ್ಟು ಸರಿಯಾಗಿಯೇ ಇತ್ತು. ಆಗ ಅವಳ ಕೈ ನೋಡಿದೆ. ಗುಂಡಿಯ ಗುರುತು ಹೆಬ್ಬೆರಳಲ್ಲಿ ಅಚ್ಚೊತ್ತಿತ್ತು.

"ತಂಗಿ, ಹೂಂ ಅನ್ನುವಾಗ ಗುಂಡಿ ಒತ್ತಿದ್ದೇನು?"

"ಒತ್ತಲಾರದ ಅಪ್ಪಗ ಹೆಂಗ ಕೇಳತದ್ರಿ? ನೀವ ಅಂದ್ರೆಲ್ಲ, ಒತ್ತಿದ್ರ ನಾ ಹೇಳೂದು ಅಂತ."

ಆಗ ನನಗೆ ಹೊಳೆಯಿತು. ಅಪ್ಪ ಉಸಿರು ತೆಗೆದುಕೊಳ್ಳಲು ನಿಂತಾಗೆಲ್ಲ ಇವಳು ಮರ್ಯಾದೆಗೆ ಹೂಂ ಎಂದಿದ್ದಾಳೆ. ಅವಳ ಹೂಂ ಅವರಿಗೆ ಮುಟ್ಟಿಲ್ಲ, ಅವರೂ ಒತ್ತಿ ಹಿಡಿದೇ ಇದ್ದರು. ಇವಳ ಬೆರಳು ಗುಂಡಿಯ ಮೇಲಿದ್ದಷ್ಟು ಹೊತ್ತು ಅವರ ಮಾತು ಇವಳಿಗೆ ಮುಟ್ಟಿಲ್ಲ. ನಿಂತ ಮೇಲೆ ಮನುಷ್ಯ ಮತ್ತೆ ಶುರು ಮಾಡುವ ಮೊದಲ ಮಾತೇ ಪ್ರತಿ ಸಲವೂ ಹೋಗಿದೆ.

"ಏನೇನು ಕೇಳಿಸ್ತು ಹೇಳು."

ಅವಳ ಕಣ್ಣಲ್ಲಿ ನೀರಿತ್ತು, ಆದರೆ ಮುಖ ಅರಳಿತ್ತು. "ಸಿಟ್ಟು ಹೋಗೇದಂತ್ರಿ. ಅಕ್ಕನ ಮುಂದ ಏನರ ಹೇಳ್ತೀನಿ ಅಂದ. ಹಳ್ಳ ಇಳಿದ್ರ ಬಂದು ಕೂಸಿನ್ನ ನೋಡ್ತಾನಂತ. ಆಮ್ಯಾಲೆ, ಬಾಳ ದಿನದಿಂದ ವಿಚಾರ ಮಾಡಿ ನಿನ್ನ ಮಗಗ ಒಂದು ಹೆಸರು ಇಟ್ಟೀನವ್ವಾ ಅಂದ. ನಾ ಹೂಂ ಯಪ್ಪಾ ಅಂದೆ. ಅದ ಹೆಸರು ಕೂಸಿನ ಕಿವ್ಯಾಗ ಕುರ್ರ್ ಅಂತ ಹೇಳು ಅಂದ. ಅಷ್ಟ ಕೇಳಿಸ್ತು. ಹೆಸರ ಕೇಳಲಿಲ್ರಿ ಅಣ್ಣಾರ."

ಹೆಸರು ಹೇಳುವ ಮೊದಲು ಯಾರಾದರೂ ಒಂದು ಕ್ಷಣ ನಿಲ್ಲುತ್ತಾರೆ. ಅವರೂ ನಿಂತಿದ್ದರು.

ನಾನು ಮತ್ತೆ ಮತ್ತೆ ಕರೆದೆ. ಉತ್ತರವಿಲ್ಲ. ಮಾತು ಮುಗಿಸಿದ ಮೇಸ್ತ್ರಿ, ನಾನು ಸರ್ವೇಯರನಿಗೆ ಕಲಿಸಿ, ಸರ್ವೇಯರ ಅವರಿಗೆ ಕಲಿಸಿದ ಹಾಗೆಯೇ, ಏರಿಯಲ್ ಒಳಗೆ ತಳ್ಳಿದ್ದರು. ಬಂದ್ ಆದ ಸೆಟ್ಟನ್ನು ಈಚೆಯಿಂದ ಎಬ್ಬಿಸುವ ಉಪಾಯ ಇಲ್ಲ. ಮತ್ತೆ ತೆರೆಯುವುದು ಬೆಳಗ್ಗೆ. ನೀರಿನ ಅಬ್ಬರದಲ್ಲಿ ಕೂಗಿದರೆ ನಮ್ಮ ಪಕ್ಕದವನಿಗೇ ಕೇಳುತ್ತಿರಲಿಲ್ಲ.

ಅವಳು ಸುತ್ತ ನೋಡಿದಳು. ಆಫೀಸಿನ ಮುಂದೆ ಬೇವಿನ ಮರಕ್ಕೆ ರೈಲು ಹಳಿಯ ತುಂಡು ತೂಗುಹಾಕಿದ್ದೆವು.

"ಅದನ್ನ ಬಡೀರಿ. ಅದು ಆಚೀಕೂ ಕೇಳತದ. ಬಡದ್ರ ಸೆಟ್ಟು ತೆಗೀತಾರ."

ಕೇಳುತ್ತಿತ್ತು ನಿಜ. ಆದರೆ ಅದರ ಅರ್ಥ ಒಂದೇ: ಗಂಡಾಂತರ, ಎದ್ದು ದಿನ್ನೆಗೆ ಓಡಿ. ಹಿಂದಿನ ಬೇಸಿಗೆಯಲ್ಲಿ ಬಂಡೆ ಸಿಡಿಯುವಾಗ ಆ ಹಳಿಯ ದನಿಯಿಂದ ಜೀವ ಉಳಿದದ್ದು ಎಲ್ಲರಿಗೂ ಗೊತ್ತಿತ್ತು. ಈಗ ಬಡಿದರೆ ನೀರು ಏರುತ್ತಿದೆ ಎಂದುಕೊಂಡು ಆ ಗುಂಪೆಲ್ಲ, ಜ್ವರದ ಮೇಸ್ತ್ರಿಯನ್ನೂ ಹೊತ್ತುಕೊಂಡು, ಕತ್ತಲಾಗುವ ಹೊತ್ತಿನಲ್ಲಿ ಕಲ್ಲು ಮುಳ್ಳಿನ ದಿನ್ನೆ ಹತ್ತುತ್ತದೆ. ಒಮ್ಮೆ ಸುಳ್ಳೇ ಬಡಿದರೆ ಮುಂದಿನ ಸಲ ನಿಜವಾಗಿ ಬಡಿದಾಗ ಯಾರು ಏಳುತ್ತಾರೆ? ಸಾಹೇಬರೂ ಡೇರೆಯಿಂದ ಹೊರಬಂದು ನಿಂತಿದ್ದರು. "ನೀವ ಹೇಳ್ರಿ, ಸೆಟ್ಟಿನ ವಿಚಾರ ನಿಮಗ ಗೊತ್ತು" ಅಂದರು.

"ಬ್ಯಾಡ್ರಿ" ಅಂದೆ. ಅವಳ ಕಡೆ ತಿರುಗಿ, "ತಂಗಿ, ಒಂದು ರಾತ್ರಿ ತಡಿ. ಬೆಳಗಾದ ಕೂಡ್ಲೆ ಮೊದಲ ಮಾತು ನಿಂದ. ಚಳಿಜ್ವರ ಏನು ದೊಡ್ಡದವಾ?" ಅಂದೆ.

ಅವಳು ಹಠ ಮಾಡಲಿಲ್ಲ. "ಹೂಂ ರೀ ಅಣ್ಣಾರ" ಎಂದು ಕೂಸನ್ನು ಎತ್ತಿಕೊಂಡು ಹೋದಳು. ಹೋಗುತ್ತ ಹೋಗುತ್ತ ಕೂಸಿಗೆ, "ನಿಮ್ಮ ತಾತ ನಿನಗ ಹೆಸರಿಟ್ಟಾನಲೇ, ಬೆಳಗ್ಗಿ ಹೇಳ್ತೀನಿ ತಡಿ" ಅನ್ನುವುದು ಕೇಳಿತು.

ಬೆಳಗ್ಗೆ ಅವಳು ನನಗಿಂತ ಮೊದಲೇ ಬಂದು ಡೇರೆಯ ಮುಂದೆ ಕೂತಿದ್ದಳು. ಏರಿಯಲ್ ಎಳೆದು ಕಿವಿಗೆ ಹಚ್ಚಿದೆ. ಸರ್ವೇಯರ ಆಗಲೇ ಮಾತಾಡುತ್ತಿದ್ದ, ಯಾವಾಗಿನಿಂದಲೋ ಏನೋ.

"ಮೇಸ್ತ್ರಿ ಹೋದ್ರು ರೀ. ನಸುಕಿನ್ಯಾಗ ಎಬ್ಬಸಾಕ ಹೋದ್ರ ಮೈ ತಣ್ಣಗಾಗಿತ್ತು. ಕೇಳಾಕತ್ತೀರೇನ್ರಿ? ಹೇಳ್ರಿ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಗುಂಡಿ ಒತ್ತಿ, ನಾಚಿಕೆ ಬಿಟ್ಟು ಅದನ್ನೇ ಕೇಳಿದೆ: ನಿನ್ನೆ ಕೂಸಿಗೆ ಏನು ಹೆಸರು ಹೇಳಿದರು?

"ನಾ ಹೊರಗ ನಿಂತಿದ್ದೆ ರೀ, ತಂದಿ ಮಗಳ ಮಾತು ಅಂತ. ಆಮ್ಯಾಲೆ ಒಳಗ ಹೋಗಿ ಕೇಳಿದೆ, ಏನು ಹೆಸರಿಟ್ರಿ ಅಂತ. ನಕ್ಕರು. ಮೊದಲ ಕೂಸಿನ ಕಿವ್ಯಾಗ ಬೀಳಲಿ, ಆಮ್ಯಾಲೆ ಊರಿಗೆ ಹೇಳೂನು ಅಂದ್ರು. ಎರಡು ಗುಟುಕು ಗಂಜಿ ಕುಡದು ಮಲಗಿದ್ರು. ಹೇಳ್ರಿ."

ಅವಳಿಗೆ ಹೇಳುವುದು ನನ್ನ ಪಾಲಿಗೆ ಬಂತು. ಹೇಳಿದೆ. ಅವಳು ಕೂಗಿ ಅಳುತ್ತಾಳೆಂದುಕೊಂಡಿದ್ದೆ. ಅಳು ಆಮೇಲೆ ಬಂತು, ಹೆಂಗಸರೆಲ್ಲ ಬಂದು ಹಿಡಿದುಕೊಂಡ ಮೇಲೆ. ಮೊದಲು ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು:

"ಹೂಂ ಅನ್ನಲಾರದ ಅಪ್ಪನ ಮಾತು ಹೆಂಗ ಕೇಳಬೇಕ್ರಿ ಅಣ್ಣಾರ?"

ಹಗ್ಗ ಕಟ್ಟಿ ಪುಟ್ಟಿ ಹರಿಗೋಲು ಹಾಕುವಷ್ಟು ನೀರು ಇಳಿದಾಗ ಮಧ್ಯಾಹ್ನ. ಅವಳನ್ನು ಕೂಸಿನ ಸಮೇತ ದಾಟಿಸಿದೆವು. ಮೇಸ್ತ್ರಿಯನ್ನು ಉಗ್ರಾಣದ ಗೋಡೆಗೆ ಆನಿಸಿ ಕೂರಿಸಿದ್ದರು, ರುಮಾಲು ಹಾಗೇ ಇತ್ತು. ಅವರ ಅಕ್ಕ ಮುದಗಲ್ಲಿನಿಂದ ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಆ ಮುದುಕಿ ಇವಳನ್ನು ತಬ್ಬಿಕೊಂಡು ಅತ್ತಳು. ಕೊಟ್ಟ ಮಾತಿನ ವಿಷಯ ಯಾರೂ ಎತ್ತಲಿಲ್ಲ.

ನಾನು ಸೆಟ್ಟಿನ ರೀತಿ ಬದಲಾಯಿಸಿದೆ. ಅಂದಿನಿಂದ ಮನೆಯವರು ಮಾತಾಡುವಾಗ, ಕೇಳಿದವರು ಕೇಳಿದ್ದನ್ನು ತಿರುಗಿ ಹೇಳಬೇಕು, ಹೇಳಿದವರು ಅದು ಸರಿ ಎನ್ನುವವರೆಗೆ ಏರಿಯಲ್ ಒಳಗೆ ಹೋಗಬಾರದು. ಹೂಂ ಅನ್ನಬೇಕೆನಿಸಿದರೆ ಗುಂಡಿಯಿಂದ ಬೆರಳು ತೆಗೆದು ಅನ್ನಿ, ಸೆಟ್ಟಿಗೆ ಅಲ್ಲ, ನಿಮ್ಮ ಮನಸ್ಸಿಗೆ. ಹಳಿಗೂ ಬೇರೆ ಬೇರೆ ಬಡಿತ ಗೊತ್ತುಮಾಡಿದೆವು: ಒಂದೇ ಸಮ ಬಡಿದರೆ ಓಡಿ, ಬಿಟ್ಟು ಬಿಟ್ಟು ಬಡಿದರೆ ಸೆಟ್ಟು ತೆಗೆಯಿರಿ. ಇಷ್ಟು ಸಣ್ಣ ಮಾತು. ಮೊದಲೇ ಗೊತ್ತುಮಾಡಬಹುದಿತ್ತು. ಆ ಸಂಜೆ ಹಳಿ ಬಡಿಯಬೇಡಿ ಎಂದದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಆದರೆ ದಿನವೂ ಆ ಹಳಿಯ ಮುಂದೆ ಓಡಾಡಲು ಮನಸ್ಸಾಗದೆ, ಸಾಹೇಬರಿಗೆ ಹೇಳಿ ಅದನ್ನು ಬೇರೆ ಮರಕ್ಕೆ ಕಟ್ಟಿಸಿದೆ.

ಹೆಸರಿಗಾಗಿ ಅವಳು ಬಹಳ ಹುಡುಕಿದಳು. ಮನೆತನದ ಹೆಸರುಗಳನ್ನೆಲ್ಲ ಒಂದೊಂದಾಗಿ ಕೂಸಿನ ಮುಂದೆ ಹೇಳಿ ನೋಡಿದಳು, ಯಾವುದಕ್ಕಾದರೂ ಅದು ತಿರುಗೀತೆಂದು. ಕೊನೆಗೆ ಮೇಸ್ತ್ರಿಯ ಅಕ್ಕನೇ ಬಂದು ತೊಟ್ಟಿಲು ಕಟ್ಟಿಸಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ತೀರಿಕೊಂಡ ತಮ್ಮನ ಹೆಸರನ್ನೇ ಹೇಳಿದಳು. ಹೋದ ಹಿರಿಯರ ಹೆಸರು ಇಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನಾನೂ ಹೋಗಿ ಗುಗ್ಗರಿ ತಿಂದು ಬಂದೆ. ಬರುವಾಗ ದಾರಿಯಲ್ಲಿ ಹೊಳೆಯಿತು: ಬದುಕಿರುವ ಮನುಷ್ಯ ತನ್ನ ಹೆಸರನ್ನು ತಾನೇ ಮೊಮ್ಮಗನಿಗೆ ಇಡುವುದಿಲ್ಲ. ಆ ಸಂಜೆ ಮೇಸ್ತ್ರಿ ಏನು ಹೆಸರು ಹೇಳಿದ್ದರೋ, ಇದೊಂದನ್ನಂತೂ ಹೇಳಿರಲಿಲ್ಲ. ಅವಳಿಗೂ ಅದು ಹೊಳೆದಿರಬೇಕು. ನಾವಿಬ್ಬರೂ ಆ ಮಾತು ಎಂದೂ ಆಡಲಿಲ್ಲ.

ಕಾಲುವೆಗೆ ನೀರು ಬಿಟ್ಟ ಮೇಲೆ ಗೊರೇಬಾಳದ ಕಡೆ ಕೆಲಸವಿದ್ದಾಗ, ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡೆ. ನನ್ನನ್ನು ನೋಡಿರಲಿಲ್ಲ. ಗಂಟಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಮಗ. ಅಪ್ಪನ ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲವಾದ್ದರಿಂದ ಅವಳು ಅವನನ್ನು ಯಪ್ಪಾ ಎಂದೇ ಕರೆಯುತ್ತಿದ್ದಳು. ಹುಡುಗ ಯಾವುದೋ ಎತ್ತಿನ ಕಥೆಯನ್ನು ಕೈ ತಿರುವಿ ತಿರುವಿ ಹೇಳುತ್ತಿದ್ದ. ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಅವಳು ಅವನ ಬಾಯನ್ನೇ ನೋಡುತ್ತ ಸುಮ್ಮನಿರುತ್ತಿದ್ದಳು.

"ಹೂಂ ಅನ್ನಬೇ ಯವ್ವಾ" ಎಂದ ಹುಡುಗ.

"ನೀ ಪೂರಾ ಹೇಳಿ ಮುಗಸು ಯಪ್ಪಾ" ಎಂದಳು. "ಆಮ್ಯಾಲೆ ಅಂತೀನಿ."